ಅವಳ ಪ್ರಶ್ನೆಯನ್ನು ನಾನು ತಿರುಚಿದ್ದು

ಅವಳನ್ನು ಜರ್ಮನಿಗೆ ಕರೆದುಕೊಂಡು ಹೋಗುವುದು ನನ್ನ ಗಂಡನಿಗೆ ಇಷ್ಟವಿರಲಿಲ್ಲ. ಹಠ ಹಿಡಿದವಳು ನಾನು. ಮೂರು ವರ್ಷದ ಮಗನನ್ನು ಎತ್ತಿಕೊಂಡು ಎಂಟು ದಿನ ಊರೂರು ಸುತ್ತುವುದು ನನ್ನಿಂದಾಗದು, ಅವಳಿದ್ದರೆ ನಾನೂ ಸಮಾಧಾನದಲ್ಲಿ ನಾಲ್ಕು ಜಾಗ ನೋಡಬಹುದು ಎಂದೆ.

ಅವಳು ಎಂದರೆ ಅಬುಧಾಬಿಯ ಖಲೀಫಾ ಸಿಟಿಯ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಬೆಳ್ಮಣ್ ಕಡೆಯವಳು, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಗಂಡ ತೀರಿಹೋಗಿದ್ದ. ಮಗಳನ್ನು ತಾಯಿಯ ಬಳಿ ಬಿಟ್ಟು ಬಂದಿದ್ದಳು. ನಾನು ಆರು ತಿಂಗಳ ಬಸುರಿಯಾಗಿದ್ದಾಗ ನಮ್ಮ ಮನೆಗೆ ಬಂದವಳು ನನ್ನ ಬಾಣಂತನ ಮಾಡಿದಳು, ಮಗನನ್ನು ಮೀಯಿಸಿದಳು, ಮಲಗಿಸಿದಳು. ಅವನು ನನ್ನನ್ನು ಅಮ್ಮ ಎನ್ನುವ ಮೊದಲು ಅವಳನ್ನು ‘ದೊಡ್ಡ’ ಎಂದು ಕರೆದ. ದೊಡ್ಡಮ್ಮ ಎನ್ನಲು ಬಾರದೆ ದೊಡ್ಡ. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲೇ. ವಯಸ್ಸಿನಲ್ಲಿ ದೊಡ್ಡವಳಾದರೂ ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಎರಡು ವರ್ಷಕ್ಕೊಮ್ಮೆ ಊರಿಗೆ ಕಳಿಸಬೇಕು ಎಂಬುದು ಮಾತು. ಎರಡು ವರ್ಷವಾದಾಗ ಮಗ ಇನ್ನೂ ಚಿಕ್ಕವನು ಎಂದೆ. ಮತ್ತೆ ಆರು ತಿಂಗಳು ಕಳೆದಾಗ, ನಾನು ಕೆಲಸ ಮಾಡುವ ಕ್ಲಿನಿಕ್‌ನಲ್ಲಿ ಇನ್ಶೂರೆನ್ಸ್ ವಿಭಾಗಕ್ಕೆ ಜನ ಸಾಲದು, ರಜೆ ಸಿಗುವುದಿಲ್ಲ ಎಂದೆ. ಅವಳು ಎರಡು ಸಲವೂ ‘ಆಯ್ತು ಅಕ್ಕ’ ಎಂದಳು. ಈ ಪ್ರವಾಸದ ವಿಷಯ ಹೇಳಿದಾಗ ಮಾತ್ರ ತುಸು ಹೊತ್ತು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

“ಯುರೋಪ್ ಎಲ್ಲ ನನಗೆ ಎಂತಕ್ಕೆ ಅಕ್ಕ? ಅದೇ ಟಿಕೆಟಿನಲ್ಲಿ ನನ್ನನ್ನು ಊರಿಗೆ ಕಳಿಸಿಬಿಡಿ” ಎಂದಳು.

ನಾನು ಜೋರಾಗಿ ನಕ್ಕೆ. ಯುರೋಪ್ ಆದ ಮೇಲೆ ಕಳಿಸುತ್ತೇನೆ ಎಂದೆ. ಆ ವಾರ ದುಬೈಯಲ್ಲಿ ನಮ್ಮ ಕಡೆಯವರ ಮನೆಯೊಂದರ ಪೂಜೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂತು, ಅವಳ ಧಾಟಿಯಲ್ಲೇ ಆ ಮಾತನ್ನು ಹೇಳಿ ತೋರಿಸಿದೆ. ಎಲ್ಲರೂ ನಕ್ಕರು. ಅವಳು ಎರಡು ಮಾರು ದೂರದಲ್ಲಿ ನನ್ನ ಮಗನಿಗೆ ಪಾಯಸ ತಿನ್ನಿಸುತ್ತಿದ್ದಳು. ಅವಳಿಗೂ ಕೇಳಿಸಿತ್ತು.

ವೀಸಾ ಮಾಡಿಸಿಕೊಟ್ಟವರು ದುಬೈಯ ನೈಫ್ ಬಡಾವಣೆಯ ಒಬ್ಬ ಟ್ರಾವೆಲ್ ಏಜೆಂಟ್, ನಮ್ಮೂರ ಕಡೆಯವರೇ. ಐದು ಪಾಸ್‌ಪೋರ್ಟುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ನನ್ನ ಕೈಗೆ ಕೊಡುತ್ತಾ, “ಅವಳದ್ದೂ ಆಗಿದೆ ಮೇಡಂ, ಖಲಾಸ್. ಆದ್ರೆ ಅಲ್ಲಿ ಅವಳ ಪಾಸ್‌ಪೋರ್ಟ್ ನಿಮ್ಮ ಬ್ಯಾಗಿನಲ್ಲೇ ಇರ್ಲಿ. ಅವಳ ಕೈಗೆ ಕೊಡ್ಬೇಡಿ” ಎಂದರು. ಕೊಡುವ ಯೋಚನೆಯೇ ನನಗಿರಲಿಲ್ಲ. ಬಂದ ದಿನದಿಂದಲೂ ಅದು ನನ್ನ ಕಪಾಟಿನಲ್ಲೇ ಇತ್ತು. ಹಾಗೆ ಇಟ್ಟುಕೊಳ್ಳಬಾರದು ಎಂಬ ಕಾನೂನು ಇಲ್ಲಿ ಇರುವುದು ನನಗೆ ಗೊತ್ತಿತ್ತು. ನಮ್ಮ ಪರಿಚಯದವರ ಮನೆಗಳಲ್ಲೆಲ್ಲ ಹಾಗೇ ಇತ್ತು ಎಂಬುದೂ ಗೊತ್ತಿತ್ತು.

ಮ್ಯೂಸಿಯಂ, ಅರಮನೆ, ಹಿಮದ ಬೆಟ್ಟ ಎಲ್ಲ ನಮ್ಮ ಆಯ್ಕೆ. ಯಾತನಾ ಶಿಬಿರ ಮಾತ್ರ ನನ್ನ ಮಗಳ ಆಯ್ಕೆ. ಅವಳಿಗೆ ಹದಿನೈದು. ಶಾಲೆಯಲ್ಲಿ ಚರಿತ್ರೆಯ ಪ್ರಾಜೆಕ್ಟ್ ಇತ್ತು. ನಾಜಿಗಳು ಜನರನ್ನು ಕೂಡಿಹಾಕಿ ಕೊಂದ ಶಿಬಿರಗಳಲ್ಲಿ ಒಂದು ಈಗ ಸ್ಮಾರಕವಾಗಿದೆ, ನಾವು ಇಳಿದುಕೊಳ್ಳುವ ಊರಿನಿಂದ ರೈಲಿನಲ್ಲಿ ಹೋಗಿಬರಬಹುದು ಎಂದು ಅವಳೇ ಹುಡುಕಿ ಬುಕ್ ಮಾಡಿದಳು. ಅಬುಧಾಬಿಯ ಹೊರವಲಯದ ಮುಸಫ್ಫಾದ ಫ್ಯಾಬ್ರಿಕೇಶನ್ ಕಂಪನಿಯೊಂದರಲ್ಲಿ ಮ್ಯಾನೇಜರ್ ಆಗಿರುವ ನನ್ನ ಗಂಡ, “ಕ್ಯಾಂಪ್ ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಕಂಪನಿಯದ್ದೇ ಎರಡು ಉಂಟಲ್ಲ” ಎಂದರು. ಕೆಲಸಗಾರರ ವಸತಿಗೆ ಇಲ್ಲಿ ಎಲ್ಲರೂ ಕ್ಯಾಂಪ್ ಎಂದೇ ಹೇಳುವುದು. ಮಗಳು ನಗಲಿಲ್ಲ. ನಾನು ನಕ್ಕೆ.

ನಾವು ಹೋದದ್ದು ಮಾರ್ಚ್ ಕೊನೆಯಲ್ಲಿ, ಶಾಲೆಯ ವಸಂತದ ರಜೆಗೆ. ಚಳಿ ಬಿಟ್ಟಿರುತ್ತದೆ ಎಂದುಕೊಂಡಿದ್ದೆವು, ಬಿಟ್ಟಿರಲಿಲ್ಲ. ಆ ದಿನ ಬೆಳಿಗ್ಗೆಯಿಂದಲೇ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಒಂದು ಮುಖಕ್ಕೆ ಹೊಡೆಯುತ್ತಿತ್ತು. ನಾವು ನಾಲ್ವರೂ ಹೊಸ ಕೋಟು ತೆಗೆದುಕೊಂಡಿದ್ದೆವು. ಅವಳಿಗೆ ನನ್ನ ಗಂಡನ ಹಳೆಯ ಜಾಕೆಟ್ ಕೊಟ್ಟಿದ್ದೆ. ತೋಳು ಎರಡು ಮಡಿಕೆ ಮಡಚಿ ಹಾಕಿಕೊಂಡಿದ್ದಳು. ಕಾಲಿಗೆ ಕ್ಯಾನ್ವಾಸ್ ಶೂ.

ಸ್ಮಾರಕದ ಹೊರಗಿನ ಕಟ್ಟಡದಲ್ಲಿ ಮಾರ್ಗದರ್ಶಿ ನಮ್ಮ ಗುಂಪನ್ನು ಸೇರಿಸಿಕೊಂಡರು. ಅರವತ್ತು ದಾಟಿದ ಹೆಂಗಸು, ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ಮೊದಲೇ ಹೇಳಿಬಿಟ್ಟರು, ಚಿಕ್ಕ ಮಕ್ಕಳನ್ನು ಈ ಸುತ್ತಿಗೆ ಕರೆತರುವಂತಿಲ್ಲ ಎಂದು. ನನ್ನ ಗಂಡ ತಕ್ಷಣ ಅವಳ ಕಡೆ ಕೈ ತೋರಿಸಿ, “ತೊಂದರೆಯಿಲ್ಲ, ಅವಳು ಇಲ್ಲೇ ಕೂತಿರುತ್ತಾಳೆ” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಾನು ಡಯಾಪರ್ ಚೀಲ, ಬಿಸ್ಕೆಟ್, ಹಾಲಿನ ಫ್ಲಾಸ್ಕ್ ಅವಳ ಕೈಗೆ ಕೊಟ್ಟೆ.

“ಎಷ್ಟು ಹೊತ್ತು ಅಕ್ಕ?”

“ಒಂದು ಗಂಟೆ. ಇಲ್ಲಿಂದ ಅಲುಗಬೇಡ.”

ಟಿಕೆಟ್‌ನಲ್ಲಿ ಎರಡೂವರೆ ಗಂಟೆ ಎಂದು ಬರೆದಿತ್ತು. ಅವಳ ಮೊಬೈಲಿಗೆ ಅಲ್ಲಿನ ಸಿಮ್ ಇರಲಿಲ್ಲ, ಕೈಯಲ್ಲಿ ಅಲ್ಲಿನ ದುಡ್ಡೂ ಇರಲಿಲ್ಲ. ಇವೆರಡೂ ಆಗ ನನ್ನ ತಲೆಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಿಮ್ಮಿನ ವಿಷಯ ಹೊಳೆದಿತ್ತು. ಸಿಮ್ ಇದ್ದರೆ ಊರಿಗೆ ಫೋನ್ ಮಾಡುತ್ತಾ ಕೂರುತ್ತಾಳೆ, ಮಗನ ಮೇಲೆ ನಿಗಾ ಇರುವುದಿಲ್ಲ ಎಂದು ಬೇಕೆಂದೇ ಕೊಡಿಸಿರಲಿಲ್ಲ.

ಒಳಗೆ ಹೋದೆವು. ಕಬ್ಬಿಣದ ಗೇಟು, ಅದರಾಚೆ ಜಲ್ಲಿ ಹಾಸಿದ ದೊಡ್ಡ ಬಯಲು. ಮಾರ್ಗದರ್ಶಿ ಬಯಲಿನ ನಡುವೆ ನಿಂತು ಹೇಳಿದರು: ದಿನಕ್ಕೆ ಎರಡು ಹೊತ್ತು ಇಲ್ಲಿ ತಲೆ ಎಣಿಸುತ್ತಿದ್ದರು. ಲೆಕ್ಕ ಸಿಗದಿದ್ದರೆ ಸಿಗುವವರೆಗೆ ನಿಲ್ಲಬೇಕು. ರಾತ್ರಿ ಸತ್ತವರನ್ನೂ ಬದುಕಿದ್ದವರು ಹೊತ್ತು ತಂದು ಸಾಲಿನಲ್ಲಿ ಮಲಗಿಸಬೇಕಿತ್ತು, ಅವರೂ ಎಣಿಕೆಗೆ ಸೇರಬೇಕಲ್ಲ. ಮಲಗುವ ಕೋಣೆಯಲ್ಲಿ ಹೇಳಿದರು: ಹೊದಿಕೆಯ ಅಂಚು ಗೆರೆ ಎಳೆದ ಹಾಗೆ ಇರಬೇಕು. ಬಟ್ಟಲಿನ ಮೇಲೆ ಒಂದು ಹನಿ ನೀರಿನ ಕಲೆ ಕಂಡರೂ ಹೊಡೆತ.

ದನಿ ಏರಿಸದೆ, ಅಡುಗೆಯ ವಿಧಾನ ಹೇಳುವ ಹಾಗೆ ಹೇಳುತ್ತಿದ್ದರು. ಒಂದು ಫೋಟೋದ ಮುಂದೆ ನಾನು ಅತ್ತೆ. ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ತನ್ನ ಅಳತೆಯದ್ದಲ್ಲದ ಕೋಟು ಹಾಕಿಕೊಂಡು ಕ್ಯಾಮೆರಾ ನೋಡುತ್ತಿದ್ದಳು. ತೋರಿಕೆಗೆ ಅತ್ತದ್ದಲ್ಲ. ಮೂಗು ಒರೆಸಿಕೊಳ್ಳಲು ಕರವಸ್ತ್ರ ಹುಡುಕುವಷ್ಟು ಅತ್ತೆ. ಗಂಡ ನನ್ನ ಬೆನ್ನು ಸವರಿದರು. ಗುಂಪಿನಲ್ಲಿದ್ದ ಅಪರಿಚಿತ ಹೆಂಗಸೊಬ್ಬಳು ನನಗೆ ಟಿಶ್ಯೂ ಕೊಟ್ಟಳು. ಆಗ ಒಂದೂಕಾಲು ಗಂಟೆ ಕಳೆದಿತ್ತು. ವಾಚ್ ನೋಡಿಕೊಂಡೆ. ಇರಲಿ, ಕೂತಿರುತ್ತಾಳೆ ಎಂದುಕೊಂಡೆ.

ಹೊಸದಾಗಿ ಬಂದವರನ್ನು ಮೊದಲು ನಿಲ್ಲಿಸುತ್ತಿದ್ದ ಕೋಣೆಗೆ ಬಂದೆವು. ಇಲ್ಲಿ ಅವರ ಬಟ್ಟೆ, ಗಡಿಯಾರ, ಉಂಗುರ, ಕಾಗದಪತ್ರ ಎಲ್ಲವನ್ನೂ ಕಸಿದುಕೊಂಡು, ಪುಸ್ತಕದಲ್ಲಿ ಬರೆದುಕೊಂಡು, ಹೆಸರಿನ ಬದಲು ಒಂದು ನಂಬರ್ ಕೊಡುತ್ತಿದ್ದರು ಎಂದು ಮಾರ್ಗದರ್ಶಿ ಹೇಳುತ್ತಿದ್ದಾಗ ಬಾಗಿಲಲ್ಲಿ ಮಗು ಅಳುವುದು ಕೇಳಿಸಿತು. ಎಲ್ಲರೂ ತಿರುಗಿದರು.

ಅವಳು ನಿಂತಿದ್ದಳು. ಆ ಬಯಲಿನ ಜಲ್ಲಿಯ ಮೇಲೆ ತಳ್ಳುಗಾಡಿ ಓಡದೆ, ಅದನ್ನು ಎಳೆದುಕೊಂಡು ಬಂದಿದ್ದಳು. ಸಲ್ವಾರಿನ ಕಾಲು ಮೊಣಕಾಲಿನವರೆಗೆ ಒದ್ದೆ. ಜಾಕೆಟ್ ತೆಗೆದು ಮಗನಿಗೆ ಸುತ್ತಿದ್ದಳು, ತಾನು ಚೂಡಿದಾರದ ಮೇಲೊಂದು ತೆಳು ಸ್ವೆಟರಿನಲ್ಲಿದ್ದಳು. ತುಟಿ ನೀಲಿಗಟ್ಟಿತ್ತು.

“ಅಕ್ಕ, ಹಾಲು ಮುಗಿಯಿತು. ಇವನು ಬಟ್ಟೆಯಲ್ಲೆಲ್ಲ ಮಾಡಿಕೊಂಡಿದ್ದಾನೆ, ಬೇರೆ ಚಡ್ಡಿ ನಿಮ್ಮ ಬ್ಯಾಗಿನಲ್ಲಿ ಉಂಟು. ಎಷ್ಟು ಕಾದರೂ ನೀವು ಬರಲಿಲ್ಲ” ಎಂದಳು.

ಹದಿನೈದು ಜನ ನಮ್ಮನ್ನು ನೋಡುತ್ತಿದ್ದರು. ಟಿಶ್ಯೂ ಕೊಟ್ಟ ಹೆಂಗಸೂ ನೋಡುತ್ತಿದ್ದಳು. ಮಗನನ್ನು ತೆಗೆದುಕೊಳ್ಳಲು ಕೈ ಚಾಚಿದೆ, ಅವನು ಅವಳ ಕುತ್ತಿಗೆ ಬಿಡಲಿಲ್ಲ.

ಮಾರ್ಗದರ್ಶಿ ಮಾತು ನಿಲ್ಲಿಸಿದ್ದರು. “ಇವರು ನಿಮ್ಮ ಜೊತೆಯವರೇ?” ಎಂದು ನನ್ನನ್ನು ಕೇಳಿದರು. ನನ್ನ ಗಂಡ ಮುಂದೆ ಬಂದು, “ಮಗು ನೋಡಿಕೊಳ್ಳುವವಳು. ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ, ನೀವು ಮುಂದುವರಿಸಿ” ಎಂದರು. ಆಕೆ ಮುಂದುವರಿಸಲಿಲ್ಲ. ತಮ್ಮ ಕುತ್ತಿಗೆಯ ಉಣ್ಣೆಯ ಶಾಲು ತೆಗೆದು ಅವಳ ಹೆಗಲಿಗೆ ಹೊದಿಸಿದರು. ನಿಯಮದ ಪ್ರಕಾರ ಮಗುವನ್ನು ಒಳಗೆ ಬಿಡುವಂತಿಲ್ಲ, ಆದರೆ ಈ ಹವೆಯಲ್ಲಿ ಇವರನ್ನು ಮತ್ತೆ ಹೊರಗೆ ಕಳಿಸಲಾರೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಇದು ಯಾವ ಕೋಣೆ ಎಂದು ಇವರಿಗೆ ನಿಮ್ಮ ಭಾಷೆಯಲ್ಲಿ ಹೇಳಿ. ಏನಾದರೂ ಕೇಳುವುದಿದ್ದರೆ ಕೇಳಲಿ” ಎಂದರು.

ಹೇಳದೆ ನಿರ್ವಾಹವಿರಲಿಲ್ಲ. ತುಳುವಿನಲ್ಲಿ ನಾಲ್ಕು ಮಾತಿನಲ್ಲಿ ಹೇಳಿದೆ: ಹಿಂದೆ ಇಲ್ಲಿ ಜನರನ್ನು ಕೂಡಿಹಾಕಿ ಸಾಯಿಸುತ್ತಿದ್ದರು. ಬಂದ ಕೂಡಲೇ ಅವರ ಸಾಮಾನು, ಕಾಗದಪತ್ರ ಎಲ್ಲ ಈ ಕೋಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಿದ್ದರು.

ಅವಳು ಗೋಡೆಯ ಮೇಲಿನ ಚಿತ್ರಗಳನ್ನು ನಿಧಾನವಾಗಿ ನೋಡಿದಳು. ಮಗನ ಬೆನ್ನು ತಟ್ಟುತ್ತಲೇ, ಸಂತೆಯಲ್ಲಿ ಏನೋ ವಿಚಾರಿಸುವಷ್ಟು ಸಹಜವಾಗಿ ಕೇಳಿದಳು.

“ಅವರ ಪಾಸ್‌ಪೋರ್ಟ್ ಎಲ್ಲ ಯಾರ ಹತ್ತಿರ ಇರ್ತಿತ್ತು ಅಂತ ಕೇಳಿ ಅಕ್ಕ.”

ಅದರಲ್ಲಿ ಕುಹಕವಿರಲಿಲ್ಲ. ಇಷ್ಟು ವರ್ಷ ಅವಳ ದನಿ ಕೇಳಿದವಳು ನಾನು, ಕುಹಕವಿದ್ದಿದ್ದರೆ ತಿಳಿಯುತ್ತಿತ್ತು. ಅವಳಿಗೆ ತಿಳಿದುಕೊಳ್ಳಬೇಕಿತ್ತು, ಅಷ್ಟೇ.

“ಏನು ಕೇಳುತ್ತಿದ್ದಾರೆ?” ಎಂದರು ಮಾರ್ಗದರ್ಶಿ.

“ಟಾಯ್ಲೆಟ್ ಎಲ್ಲಿದೆ ಎಂದು ಕೇಳುತ್ತಿದ್ದಾಳೆ” ಎಂದೆ.

ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ಸರಿಪಡಿಸಲೂ ಇಲ್ಲ. ಗುಂಪಿನಲ್ಲಿ ಒಂದಿಬ್ಬರು ಮುಗುಳ್ನಕ್ಕರು. ಮಾರ್ಗದರ್ಶಿ, “ಓಹೋ, ಮಗುವಿಗಲ್ಲವೇ” ಎಂದು ಕಿಟಕಿಯಾಚೆ ಓಣಿಯ ಕೊನೆಗೆ ಕೈ ತೋರಿಸಿ, ಎಡಕ್ಕೆ ಎಂದು ಬೆರಳಲ್ಲೇ ಸನ್ನೆ ಮಾಡಿದರು.

ಅವಳು ಆ ಬೆರಳನ್ನು ನೋಡಿದಳು. ಉತ್ತರ ಅಲ್ಲಿದೆ ಎಂದುಕೊಂಡಳು. ಮಗನನ್ನು ಸೊಂಟಕ್ಕೇರಿಸಿಕೊಂಡು, ಮಾರ್ಗದರ್ಶಿಗೆ ತಲೆಬಾಗಿಸಿ ಓಣಿಯುದ್ದಕ್ಕೂ ನಡೆದುಹೋಗಿ ಎಡಕ್ಕೆ ತಿರುಗಿದಳು. ನಾನು ಬ್ಯಾಗಿನಿಂದ ಚಡ್ಡಿ ತೆಗೆದು ಅವಳ ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಮಗಳು ನನ್ನ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳು ತುಳು ಮಾತಾಡುವುದಿಲ್ಲ, ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಆದರೆ ಅರ್ಥವಾಗುತ್ತದೆ, ಎಲ್ಲವೂ ಅರ್ಥವಾಗುತ್ತದೆ.

ಐದು ನಿಮಿಷದ ಮೇಲೆ ಅವಳು ಹಿಂದಿರುಗಿದಳು. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಅಲ್ಲಿ ಕಕ್ಕಸು ಇರುವುದು ಅಕ್ಕ.”

ಅವಳು ಎರಡು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ನನ್ನ ಬ್ಯಾಗಿನಿಂದ ತಾನೇ ಚಡ್ಡಿ ತೆಗೆದುಕೊಂಡು ಮತ್ತೆ ಅದೇ ಓಣಿಯಲ್ಲಿ ಹೋದಳು.

ಉಳಿದ ಸುತ್ತಿನಲ್ಲಿ ಅವಳು ಗುಂಪಿನ ಹಿಂದೆ, ನನ್ನ ಮಗಳು ಅವಳ ಜೊತೆ. ಮಗಳು ಮಾರ್ಗದರ್ಶಿಯ ಮಾತನ್ನು ಅವಳಿಗೆ ತುಳುವಿನಲ್ಲಿ ಹೇಳುತ್ತಿದ್ದಳು. ಕ್ರಿಯಾಪದವೆಲ್ಲ ತಪ್ಪು, ಮೂರು ವರ್ಷದ ಮಗುವಿನ ತುಳು. ನಾನು ಮುಂದೆ ನಡೆಯುತ್ತಿದ್ದರೂ ನನ್ನ ಕಿವಿ ಹಿಂದೆಯೇ ಇತ್ತು. ಕೊನೆಗೆ ಗೇಟಿನ ಬಳಿ ಮಾರ್ಗದರ್ಶಿ, ಯಾರಿಗಾದರೂ ಪ್ರಶ್ನೆ ಇದೆಯೇ ಎಂದರು. ನನ್ನ ಮಗಳು ಶಾಲೆಯಲ್ಲಿ ಎತ್ತುವ ಹಾಗೆ ಕೈಯೆತ್ತಿದಳು.

“ಪ್ರಶ್ನೆ ನನ್ನದಲ್ಲ, ಇವರದ್ದು. ಆಗಲೇ ಕೇಳಿದ್ದರು. ನನ್ನ ಅಮ್ಮ ನಿಮಗೆ ಬೇರೆ ಹೇಳಿದರು” ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿ, ಅವಳ ಪ್ರಶ್ನೆಯನ್ನು ಇದ್ದ ಹಾಗೆ ಕೇಳಿದಳು.

ಮಾರ್ಗದರ್ಶಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನೇರವಾಗಿ ಅವಳನ್ನೇ ನೋಡಿ ಉತ್ತರಿಸಿದರು: ಕಾಗದಪತ್ರವೆಲ್ಲ ಶಿಬಿರದ ಕಚೇರಿಯಲ್ಲಿ ಇರುತ್ತಿತ್ತು, ಲಕೋಟೆಗಳಲ್ಲಿ, ನಂಬರ್ ಹಾಕಿ. ಎಷ್ಟೋ ಲಕೋಟೆಗಳು ಉಳಿದವು, ಅವುಗಳ ಯಜಮಾನರು ಉಳಿಯಲಿಲ್ಲ. ಮಗಳು ಅದನ್ನೂ ತಪ್ಪು ತುಳುವಿನಲ್ಲಿ ದಾಟಿಸಿದಳು. ಅವಳು ‘ಹೌದಾ’ ಎಂದು ಮಗನ ಟೊಪ್ಪಿಯನ್ನು ಕಿವಿ ಮುಚ್ಚುವ ಹಾಗೆ ಕೆಳಗೆಳೆದಳು.

ಸಂಜೆ ಹೋಟೆಲಿನ ಕೋಣೆಯಲ್ಲಿ ನಾನು ಅವಳಿಗೆ ಬೈದೆ. ಯಾರು ಹೇಳಿದ್ದು ಒಳಗೆ ಬರಲು, ಮಗುವನ್ನು ಆ ಚಳಿಯಲ್ಲಿ ಎಳೆದುಕೊಂಡು ಬರುವಷ್ಟು ಬುದ್ಧಿಯಿಲ್ಲವಾ, ಜನರ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲ ಎಂದೆಲ್ಲ. ಅವಳು ಮಾರ್ಗದರ್ಶಿ ಕೊಟ್ಟ ಶಾಲನ್ನು ಮಡಚುತ್ತಾ ನಿಂತಿದ್ದಳು. ತಿರುಗಿ ಕೊಡಲು ಹೋದಾಗ ಆಕೆ ತೆಗೆದುಕೊಂಡಿರಲಿಲ್ಲ. ನನ್ನ ಮಾತು ಮುಗಿದ ಮೇಲೆ, “ಮಗುವಿಗೆ ಮೈ ಬಿಸಿ ಉಂಟು ಅಕ್ಕ” ಎಂದಳು.

ಅಬುಧಾಬಿಗೆ ಬಂದ ಮೇಲೆ ಮಗನ ಜ್ವರ ಕಿವಿಗೆ ಇಳಿಯಿತು. ಹತ್ತು ದಿನ ಔಷಧಿ. ಮನೆಗೆ ಬಂದವರಿಗೆಲ್ಲ ನಾನು, ಅವಳು ಮಗುವನ್ನು ಹಿಮದಲ್ಲಿ ಸುತ್ತಾಡಿಸಿದ್ದರಿಂದ ಹೀಗಾಯಿತು ಎಂದೆ. ಹತ್ತು ಸಲ ಹೇಳಿದ ಮೇಲೆ ನನಗೇ ಅದು ನಿಜವೆನಿಸಿತು. ಅವಳು ಚಹಾ ತಂದಿಡುವಾಗಲೂ ಹೇಳುತ್ತಿದ್ದೆ. ರಾತ್ರಿಗಳಲ್ಲಿ ಮಗನನ್ನು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದವಳು ಅವಳೇ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನಾನು ಕ್ಲಿನಿಕ್‌ಗೆ ಹೊರಡುವ ಮೊದಲು, ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. “ಯುರೋಪ್ ಆದ ಮೇಲೆ ಕಳಿಸ್ತೇನೆ ಅಂತ ಹೇಳಿದ್ರಿ ಅಕ್ಕ. ಮಗಳಿಗೆ ಪಿಯುಸಿಗೆ ಸೇರಿಸ್ಲಿಕ್ಕೆ ಉಂಟು.”

“ಜೂನ್ ಆಗ್ಲಿ” ಎಂದೆ.

“ಆಯ್ತು. ಹಾಗಾದ್ರೆ ಪಾಸ್‌ಪೋರ್ಟ್ ನನ್ನ ಹತ್ರ ಇರ್ಲಿ ಅಕ್ಕ. ನನ್ನದಲ್ವಾ?”

ಸಂಜೆ ಗಂಡನಿಗೆ ಹೇಳಿದೆ. “ಆ ಜರ್ಮನಿಯ ಮುದುಕಿ ಇವಳ ತಲೆ ಕೆಡಿಸಿದ್ದಾಳೆ” ಎಂದ ಅವರು, ಮರುದಿನ ಅವಳ ಪಾಸ್‌ಪೋರ್ಟನ್ನು ಕಪಾಟಿನಿಂದ ತೆಗೆದು ಮುಸಫ್ಫಾದ ತಮ್ಮ ಆಫೀಸಿಗೆ ಒಯ್ದರು. ನಾನು ಬೇಡ ಎನ್ನಲಿಲ್ಲ. ಅವಳು ಕಪಾಟು ಒರೆಸುವಾಗ ಅದು ಅಲ್ಲಿ ಇಲ್ಲದ್ದನ್ನು ಕಂಡಿರಬೇಕು. ಏನೂ ಕೇಳಲಿಲ್ಲ. ಕೆಲಸದಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವಾಗಲಿಲ್ಲ. ಆದರೆ ಅವಳು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ನಾನಂತೂ ಅವಳಿರುವ ಕೋಣೆಯಲ್ಲಿ ಹೆಚ್ಚು ಹೊತ್ತು ಇರದಂತಾದೆ. ನನ್ನ ಮನೆಯಲ್ಲೇ ನನ್ನ ಸುಳ್ಳನ್ನು ಕಂಡ ಒಬ್ಬಳು ಓಡಾಡುತ್ತಿದ್ದಾಳೆ, ನನ್ನ ಅನ್ನ ಬೇಯಿಸುತ್ತಿದ್ದಾಳೆ ಎನಿಸುತ್ತಿತ್ತು. ನಾಚಿಕೆಯಾಗಬೇಕಿತ್ತು. ಆಗುತ್ತಿದ್ದದ್ದು ಸಿಟ್ಟು.

ಮೇ ತಿಂಗಳ ಒಂದು ಶನಿವಾರ ನಾವು ದುಬೈಗೆ ಮದುವೆಯ ರಿಸೆಪ್ಶನ್‌ಗೆ ಹೋಗಿದ್ದೆವು, ಮಗನನ್ನೂ ಕರೆದುಕೊಂಡು. ಮಗಳು ಪರೀಕ್ಷೆಯೆಂದು ಮನೆಯಲ್ಲಿದ್ದಳು. ಸಂಜೆ ಹಿಂದಿರುಗಿದಾಗ ಮಗಳೊಬ್ಬಳೇ ಇದ್ದಳು, ಅವಳಿರಲಿಲ್ಲ.

“ಷಿ ವೆಂಟ್ ಟು ಮುಸಫ್ಫಾ, ಅವಳ ಕಸಿನ್ ಇದ್ದಾನಂತೆ. ಟುಮಾರೋ ಬರ್ತಾಳೆ. ನನಗೆ ಹೇಳಿಯೇ ಹೋದದ್ದು” ಎಂದಳು ಈಗೀಗ ತುಳು ಬೆರೆಸಿ ಮಾತಾಡುತ್ತಿದ್ದ ಮಗಳು.

“ನಮಗೆ ಹೇಳಿಲ್ಲವಲ್ಲ” ಎಂದರು ನನ್ನ ಗಂಡ.

“ಕೇಳಿದ್ದರೆ ಬಿಡ್ತಿದ್ರಾ?”

ಅವರು ಲ್ಯಾಪ್‌ಟಾಪ್ ತೆರೆದರು. ಕೆಲಸದವರು ಓಡಿಹೋದಾಗ ಕೂಡಲೇ ತಿಳಿಸದಿದ್ದರೆ ನಾಳೆ ಏನಾದರೂ ಆದಾಗ ನಮ್ಮ ತಲೆಗೇ ಬರುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಓಡಿಹೋಗಿದ್ದಾಳೆ ಎಂದು ದೂರು ಹಾಕಲೇ ಎಂದು ನನ್ನನ್ನು ಕೇಳಿದರು. ಅವಳು ಓಡಿಹೋಗಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಅವಳ ಬಟ್ಟೆಬರೆ, ಟ್ರಂಕು, ಮಗಳ ಫೋಟೋ ಎಲ್ಲ ಅವಳ ಕೋಣೆಯಲ್ಲೇ ಇದ್ದವು. ಹೋಗಿ ನೋಡಿಕೊಂಡು ಬಂದವಳು ನಾನೇ.

“ಹಾಕಿ” ಎಂದೆ. ಅವಳ ಐಡಿ ನಂಬರ್ ಬೇಕು ಎಂದರು. ನನಗೆ ಬಾಯಿಪಾಠವಿತ್ತು. ಹೇಳಿದೆ.

ಭಾನುವಾರ ಮಧ್ಯಾಹ್ನ ಗೇಟಿನ ಬೆಲ್ ಆಯಿತು. ಗೋಡೆಯ ಇಂಟರ್‌ಕಾಮಿನ ಪುಟ್ಟ ಪರದೆಯಲ್ಲಿ ಅವಳ ಮುಖ ಕಂಡಿತು. ಬಿಸಿಲಿಗೆ ದುಪ್ಪಟ್ಟಾ ತಲೆಗೆ ಹಾಕಿಕೊಂಡಿದ್ದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನನ್ನ ಗಂಡ ದೂರದಿಂದಲೇ, “ತೆರೆಯಬೇಡ. ಈಗ ಒಳಗೆ ಬಿಟ್ಟರೆ ದೂರು ಸುಳ್ಳು ಅಂತಾಗ್ತದೆ” ಎಂದರು. ನಾನು ತೆರೆಯಲಿಲ್ಲ. ಬಟನ್ ಒತ್ತಿ ಒಂದು ಮಾತೂ ಆಡಲಿಲ್ಲ. ಪರದೆಯ ಮುಂದೆ ನಿಂತು ನೋಡಿದೆ.

ಅವಳು ಮತ್ತೆ ಬೆಲ್ ಒತ್ತಿದಳು. “ಅಕ್ಕ” ಎಂದಳು. ಮನೆಯಲ್ಲಿ ಯಾರೂ ಇಲ್ಲವೇನೋ ಎಂದು ಹಿಂದೆ ಸರಿದು ಕಾರು ನೋಡಿದಳು. ಕಾರು ಅಲ್ಲೇ ಇತ್ತು. ಒಳಗೆ ಮಗ ಪರದೆಯಲ್ಲಿ ಅವಳನ್ನು ಕಂಡು ‘ದೊಡ್ಡ, ದೊಡ್ಡ’ ಎಂದು ಕುಣಿಯತೊಡಗಿದ. ಅವನ ದನಿ ಹೊರಗೆ ಕೇಳಿಸಿರಬೇಕು. ಆಗ ಅವಳು ಬೆಲ್ ಒತ್ತುವುದನ್ನು ನಿಲ್ಲಿಸಿದಳು.

ಮಗಳು ಮಹಡಿಯಿಂದ ಓಡಿಬಂದು ಬಾಗಿಲ ಕಡೆ ಹೋದಳು. ನಾನು ಅವಳ ತೋಳು ಹಿಡಿದೆ. “ಓಪನ್ ಇಟ್, ಮಾಮ್. ಪ್ಲೀಸ್, ಓಪನ್ ಇಟ್” ಎಂದಳು. ಬಿಡಿಸಿಕೊಳ್ಳಲು ನೋಡಿದಳು. ಕೆನ್ನೆಗೆ ಹೊಡೆದೆ. ಹುಟ್ಟಿದ ಮೇಲೆ ಮೊದಲ ಸಲ ಅವಳ ಮೇಲೆ ಕೈ ಮಾಡಿದ್ದೆ. ಅವಳು ಅಳಲಿಲ್ಲ. ಮೆಟ್ಟಿಲ ಮೇಲೆ ಕೂತು ನನ್ನ ಕಾಲುಗಳನ್ನು ನೋಡುತ್ತಿದ್ದಳು.

ಅರ್ಧ ಗಂಟೆಯಾದರೂ ಅವಳು ಆ ಬಿಸಿಲಿನಲ್ಲಿ ನಿಂತಿರಬೇಕು. ಆಮೇಲೆ ಚೀಲವನ್ನು ಗೇಟಿನ ಹಿಡಿಗೆ ಸಿಕ್ಕಿಸಿ ಹೊರಟುಹೋದಳು. ಸಂಜೆ ತೆರೆದು ನೋಡಿದರೆ ಚೀಲದಲ್ಲಿ ಬೂತಾಯಿ ಮೀನು. ನನ್ನ ಗಂಡನಿಗೆ ಬೂತಾಯಿಯ ಹುಳಿ-ಖಾರದ ಪುಳಿಮುಂಚಿ ಎಂದರೆ ಪ್ರಾಣ, ಮುಸಫ್ಫಾದಲ್ಲಿ ತಾಜಾ ಸಿಗುತ್ತದೆ ಎಂದು ತಂದಿದ್ದಳು. ಬಿಸಿಲಿಗೆ ಕೆಟ್ಟು ನೀರಾಗಿತ್ತು. ಗೇಟಿನ ಕೆಳಗೆ ಎರಡು ಬೆಕ್ಕುಗಳು ಆ ನೀರು ನೆಕ್ಕುತ್ತಿದ್ದವು. ನಾನು ಬಕೆಟ್ ತಂದು ನೆಲ ತೊಳೆದೆ.

ಮುಂದಿನದು ನನಗೆ ಗೊತ್ತಾದದ್ದು ತುಂಡು ತುಂಡಾಗಿ. ಕೆಲವು ವಾರ ಅವಳು ಯಾರದೋ ಕೋಣೆಯಲ್ಲಿ ನಾಲ್ಕೈದು ಹೆಂಗಸರ ಜೊತೆ ಇದ್ದಳು. ಅವಳ ಕಸಿನ್ ಎರಡು ಸಲ ನನ್ನ ಗಂಡನ ಆಫೀಸಿಗೆ ಹೋಗಿ ಹೊರಗೆ ಕಾದು ಹಿಂದಿರುಗಿದ. ದೂರು ಹಿಂತೆಗೆದುಕೊಳ್ಳಲು ಆಗುತ್ತಿತ್ತು. ‘ಒಮ್ಮೆ ಹೋದವಳು ಮತ್ತೆ ಹೋಗ್ತಾಳೆ’ ಎಂದರು ನನ್ನ ಗಂಡ. ನಾನು ಸುಮ್ಮನಿದ್ದೆ. ಕೊನೆಗೆ ವಲಸೆ ಇಲಾಖೆಯ ಕಚೇರಿಯಿಂದ ಕರೆ ಬಂದು, ನನ್ನ ಗಂಡ ಪಾಸ್‌ಪೋರ್ಟ್ ಒಯ್ದು ಒಪ್ಪಿಸಿ ಬಂದರು. ಅವಳೂ ಅಲ್ಲಿ ಬೆಂಚಿನ ಮೇಲೆ ಕೂತಿದ್ದಳಂತೆ. ಏನು ಹೇಳಿದಳು ಎಂದು ಕೇಳಿದೆ. “ಮಗುವಿನ ಕಿವಿ ಹೇಗುಂಟು ಅಂತ ಕೇಳಿದಳು” ಎಂದು ಅವರು ಶೂ ಬಿಚ್ಚುತ್ತಾ ಹೇಳಿದರು. ಇನ್ನು ಈ ದೇಶಕ್ಕೆ ಕೆಲಸಕ್ಕೆ ಬರದಂತೆ ಅವಳ ಹೆಸರಿನ ಮೇಲೆ ತಡೆ ಬಿದ್ದು, ಅವಳು ಊರಿಗೆ ಹೋದಳು. ಅವಳ ಟ್ರಂಕನ್ನು ನಾನು ಕಾರ್ಗೋದಲ್ಲಿ ಕಳಿಸಿದೆ. ಮಗ ಎರಡು ವಾರ ಅವಳ ಕೋಣೆಯ ಬಾಗಿಲು ಬಡಿದ. ಆಮೇಲೆ ಮರೆತ.

ಮಗಳು ಮರೆಯಲಿಲ್ಲ. ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ ಎಂದು ಒಂದು ವರ್ಷದ ಮೇಲೆ ನನಗೆ ಗೊತ್ತಾಯಿತು. ನಂಬರ್ ಕೇಳಿದೆ. “ಎಂತಕ್ಕೆ?” ಎಂದಳು. ಕ್ಷಮೆ ಕೇಳಬೇಕು ಎಂದೆ. ಸ್ವಲ್ಪ ಹೊತ್ತು ನನ್ನನ್ನು ನೋಡಿ, ನಂಬರ್ ಕಳಿಸಿದಳು.

ಒಂದು ಮಧ್ಯಾಹ್ನ ಫೋನ್ ಮಾಡಿದೆ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಳು.

“ಹೇಳಿ ಅಕ್ಕ” ಎಂದಳು. ನಿನ್ನೆಯಷ್ಟೇ ಮಾತಾಡಿದವರ ಹಾಗೆ.

“ನನ್ನಿಂದ ತಪ್ಪಾಯ್ತು” ಎಂದೆ.

“ಆಯ್ತು ಅಕ್ಕ.”

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಕಾದೆ. ಎರಡೂ ಮಾಡಲಿಲ್ಲ.

“ಅಕ್ಕ, ಒಂದು ವಿಷಯ. ನಾನು ಮತ್ತೆ ಅಲ್ಲಿಗೆ ಬರಬೇಕಂತ ಇದ್ದೇನೆ, ಬೇರೆ ಮನೆಗೆ. ಪಿಯುಸಿ ಮುಗಿದ ಮೇಲೆ ಮಗಳನ್ನು ನರ್ಸಿಂಗಿಗೆ ಸೇರಿಸಬೇಕು. ನನ್ನ ಹೆಸರಿನ ಮೇಲೆ ಏನೋ ತಡೆ ಉಂಟು, ನೀವು ಒಂದು ಕಾಗದ ಕೊಟ್ಟರೆ ತೆಗೆಸಬಹುದೋ ಏನೋ ಅಂತ ಏಜೆಂಟ್ ಹೇಳಿದ. ನಾನು ಓಡಿಹೋದದ್ದಲ್ಲ ಅಂತ. ಕೊಡ್ತೀರಾ?”

“ಕೇಳಿ ನೋಡ್ತೇನೆ” ಎಂದೆ.

ಗಂಡನನ್ನು ಕೇಳಿದೆ. ಆಗಬಹುದು, ಆದರೆ ಹಾಗೆ ಬರೆದರೆ ನಾವು ಸುಳ್ಳು ದೂರು ಕೊಟ್ಟೆವು ಎಂದು ನಾವೇ ಒಪ್ಪಿದ ಹಾಗಾಗುತ್ತದೆ, ನಿನಗೆ ಬೇಕಿದ್ದರೆ ಬರೆ ಎಂದರು. ನಾನು ಬರೆಯಲು ಕೂತೆ. ಮೊದಲ ಸಾಲಿನಲ್ಲಿ ನನ್ನ ಹೆಸರು, ನನ್ನ ಐಡಿ ನಂಬರ್ ಹಾಕಬೇಕಿತ್ತು. ಅಷ್ಟಕ್ಕೇ ನಿಲ್ಲಿಸಿದೆ.

ಹದಿನೈದು ದಿನದ ಮೇಲೆ ಕ್ಲಿನಿಕ್‌ನಲ್ಲಿ ಕೌಂಟರಿನ ಮುಂದೆ ಜನ ನಿಂತಿದ್ದಾಗ ಅವಳ ಫೋನ್ ಬಂತು. ಮೊಬೈಲನ್ನು ಮಗುಚಿ ಇಟ್ಟು ಮುಂದಿನವರ ಕಾರ್ಡ್ ಕೇಳಿದೆ. ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು. ಬಹುಶಃ ಅವಳ ಊಟದ ಬಿಡುವಿನ ಹೊತ್ತು. ಆಗಲೂ ಎತ್ತಲಿಲ್ಲ. ಮೂರನೆಯ ಸಲ ಅವಳು ಮಾಡಲಿಲ್ಲ.